ಹುಳುಮನೆ ಸೇರಿದ ಲ್ಯಾಪ್‌ಟಾಪು

ಸತ್ತವರು ಫೋಟೋದಲ್ಲಿ ಚೆನ್ನಾಗಿ ಕಾಣಬೇಕು ಎಂಬ ಆಸೆ ಮೊದಲು ಯಾರಿಗೆ ಬಂತೋ ನನಗೆ ಗೊತ್ತಿಲ್ಲ. ಬದುಕಿದ್ದಾಗ ಗಡ್ಡ ಬಂದಿದೆಯೋ, ಅಂಗಿಯ ಗುಂಡಿ ಉದುರಿದೆಯೋ ಎಂದು ಯಾರೂ ತಿರುಗಿ ನೋಡಿರುವುದಿಲ್ಲ. ಕಣ್ಣು ಮುಚ್ಚಿದ ಮೇಲೆ ತಲೆ ಬಾಚಿ, ಕೋಟು ತೊಡಿಸಿ, ಬೆನ್ನ ಹಿಂದೆ ಒಂದು ಜಲಪಾತ ಹರಿಸಿ ಗೋಡೆಗೆ ಹೊಡೆಯುತ್ತಾರೆ. ನಮ್ಮ ಯಜಮಾನರು ಜಲಪಾತ ನೋಡಿದವರಲ್ಲ, ಕೋಟು ಹಾಕಿದವರೂ ಅಲ್ಲ. ಅವರ ಮೈಮೇಲೆ ಅಂಗಿ ನಿಲ್ಲಿಸುವುದೇ ನನಗೊಂದು ಕೆಲಸವಾಗಿತ್ತು. ಆದರೂ ಅವರು ಹೋದ ಮೇಲೆ ಕೋಟಿನದೇ ಫೋಟೋ ಬೇಕು ಎಂದು ಹಟ ಹಿಡಿದವಳು ನಾನು. ಪ್ರೀತಿಯಿಂದ ಎಂದುಕೊಳ್ಳಬೇಡಿ. ನನ್ನ ಓರಗಿತ್ತಿ ಜಯಮ್ಮನ ಮನೆಯ ಗೋಡೆಯ ಮೇಲೆ ಅಂಥದ್ದೊಂದು ಇತ್ತು, ಅದಕ್ಕೆ.

ಜಯಮ್ಮ ನನ್ನ ಮೈದುನನ ಹೆಂಡತಿ. ನನಗಿಂತ ಚಿಕ್ಕವಳು, ಆದರೆ ಎಲ್ಲದರಲ್ಲೂ ಒಂದು ಹೆಜ್ಜೆ ಮುಂದೆ. ಮಿಕ್ಸಿ ಮೊದಲು ಬಂದದ್ದು ಅವಳ ಮನೆಗೆ, ಗ್ಯಾಸು ಮೊದಲು ಬಂದದ್ದು ಅವಳ ಮನೆಗೆ. ಗಂಡ ಹೋಗುವುದರಲ್ಲೂ ಅವಳೇ ಮೊದಲಾದಳು. ನಮ್ಮ ಕಾಲದಲ್ಲಿ ಗಂಡ ಹೆಂಡತಿ ಒಟ್ಟಿಗೆ ನಿಂತು ಫೋಟೋ ತೆಗೆಸಿಕೊಳ್ಳುವುದು ಎಲ್ಲಿತ್ತು? ಹೊಲಕ್ಕೆ ಹೋಗುವಾಗಲೇ ಅವರು ಮುಂದೆ, ನಾವು ಕೂಗಳತೆ ಹಿಂದೆ. ಈಗ ಸ್ಟುಡಿಯೋದವರು ಸತ್ತ ಗಂಡನನ್ನು ಒಂದು ಫೋಟೋದಿಂದ, ಬದುಕಿರುವ ಹೆಂಡತಿಯನ್ನು ಇನ್ನೊಂದರಿಂದ ಎತ್ತಿ ತಂದು, ಕಂಪ್ಯೂಟರಿನಲ್ಲಿ ಒಂದೇ ಸೋಫಾದ ಮೇಲೆ ಕೂರಿಸಿಬಿಡುತ್ತಾರೆ. ಜಯಮ್ಮನ ಗಂಡ ನೀಲಿ ಕೋಟು ತೊಟ್ಟು ಅವಳ ಪಕ್ಕ ಕೂತಿದ್ದಾನೆ. ಬದುಕಿರುವವಳ ಮೇಲೆ ಹಾರ ಬೀಳಬಾರದಲ್ಲ, ಅದಕ್ಕೆ ಹಾರವನ್ನು ಅವನ ಕಡೆಗೆ ಜಾರಿಸಿ ಮೊಳೆಗೆ ಸಿಕ್ಕಿಸಿರುತ್ತಾಳೆ. ಅವಳ ಮನೆಗೆ ಹೋದಾಗಲೆಲ್ಲ ಕಾಫಿ ಕೊಡುವ ಮೊದಲು ಆ ಫೋಟೋದ ಧೂಳು ಒರೆಸುತ್ತಾಳೆ. ಧೂಳು ಇರುವುದಿಲ್ಲ.

ನನಗೇನು ಕಮ್ಮಿ? ನನ್ನ ಸೊಸೆ ಮಂಜುಳ ಇದೇ ಕೆಲಸ ಬಲ್ಲವಳು. ಮದುವೆಗೆ ಮುಂಚೆ ರಾಮನಗರದ ಸ್ಟುಡಿಯೋ ಒಂದರಲ್ಲಿ ಕಲಿತಿದ್ದಳು. ಈಗ ಮನೆಯಲ್ಲೇ ಕೂತು ಕೈಲಾಂಚದ ಸ್ಟುಡಿಯೋದವನಿಗೆ ಮದುವೆ ಆಲ್ಬಂ ಪುಟಗಳನ್ನು ಮಾಡಿಕೊಡುತ್ತಾಳೆ. ಅವಳ ಲ್ಯಾಪ್‌ಟಾಪು ಅವಳಣ್ಣ ಕೊಡಿಸಿದ್ದು. ಬಿಡದಿ ಕಡೆ ಕಾರ್ಖಾನೆಗಳು ಎದ್ದ ಮೇಲೆ ನಮ್ಮ ಊರುಗಳಿಗೆ ಕೆಲಸ ಬಂತೋ ಇಲ್ಲವೋ, ಅವರು ಬಿಸಾಕಿದ ಸಾಮಾನು ಮಾತ್ರ ಚೆನ್ನಾಗಿ ಬಂತು. ಅವರ ನೀಲಿ ಡ್ರಮ್ಮು ನಮ್ಮ ಬಚ್ಚಲಿಗೆ, ಅವರ ಪೆಟ್ಟಿಗೆಯ ಹಲಗೆ ನಮ್ಮ ಕೋಳಿಗೂಡಿಗೆ. ಹಾಗೇ ಒಂದು ಆಫೀಸಿನವರು ಹಳೆಯದಾಯಿತೆಂದು ತೆಗೆದುಹಾಕಿದ ಲ್ಯಾಪ್‌ಟಾಪು ಮಂಜುಳನ ತೊಡೆಗೆ. ದುಡಿದು ಸವೆದ ಎತ್ತನ್ನು ಜಾತ್ರೆಯಲ್ಲಿ ದಾಟಿಸುವ ಹಾಗೆ ದಾಟಿಸಿದ್ದರು. ಎತ್ತಾದರೆ ಬಾಯಿ ಬಿಡಿಸಿ ಹಲ್ಲು ನೋಡಬಹುದು. ಇದರ ಬಾಯಿ ಬಿಡಿಸಿದರೆ ಎಲ್ಲ ಹಲ್ಲೂ ಸಾಲಾಗಿ ಕಾಣುತ್ತವೆ.

ಯಜಮಾನರ ಫೋಟೋ ಹುಡುಕಿದರೆ ಸಿಕ್ಕಿದ್ದು ಒಂದೇ. ಸೋಲೂರಿನ ನೆಂಟರ ಮದುವೆಯಲ್ಲಿ ಬಡಿಸುತ್ತಿರುವುದು. ಮುಖವೇನೋ ಸ್ಪಷ್ಟವಾಗಿತ್ತು. ಆದರೆ ಒಂದು ಕೈಯಲ್ಲಿ ಸಾರಿನ ಬಕೆಟ್ಟು, ಇನ್ನೊಂದರಲ್ಲಿ ಸೌಟು. ಮಂಜುಳ ಬಕೆಟ್ಟು ತೆಗೆದು, ಸೌಟು ತೆಗೆದು, ಕೊನೆಗೆ ಕತ್ತಿನಿಂದ ಕೆಳಗೆ ಪೂರಾ ತೆಗೆದು ಬೇರೆ ಯಾರದೋ ಕೋಟಿನ ಮೈ ಜೋಡಿಸಿದಳು. ಜಯಮ್ಮನ ಗಂಡನದು ನೀಲಿಯಾದ್ದರಿಂದ ನಮ್ಮದು ಕಂದು ಇರಲಿ ಎಂದೆ. ನನ್ನ ಫೋಟೋವನ್ನು ಅವಳೇ ತೆಗೆದಳು. ಒಸಿ ನಗಿ ಅತ್ತೆ ಎಂದಳು. ಸತ್ತವನ ಪಕ್ಕ ಕೂತು ನಗಲು ನನಗೆ ತಲೆ ಕೆಟ್ಟಿಲ್ಲ ಎಂದು ಬಿಗಿಯಾಗಿ ಕೂತೆ. ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವ ದಿನ ನೆಂಟರೆಲ್ಲ ಸೇರುತ್ತಾರಲ್ಲ, ಅವತ್ತು ಗೋಡೆಗೆ ಹಾಕುವುದೆಂದು ಗೊತ್ತು ಮಾಡಿದೆ. ಸುಮ್ಮನಿರದೆ ಜಯಮ್ಮನಿಗೆ ಹೇಳಿಯೂ ಬಂದೆ. ನಮ್ಮದು ನಿಮ್ಮದಕ್ಕಿಂತ ದೊಡ್ಡದು ಎಂದೂ ಸೇರಿಸಿದೆ.

ಅದಾದ ಮೇಲೇ ತೊಂದರೆ ಶುರುವಾದದ್ದು. ಒಂದು ಬೆಳಿಗ್ಗೆ ಲ್ಯಾಪ್‌ಟಾಪಿನಲ್ಲಿ ನೋಡುತ್ತೇನೆ, ಯಜಮಾನರ ಮುಖದ ಮೇಲೆ ಮೇಲಿಂದ ಕೆಳಗೆ ಗೆರೆಗಳು. ಕಂಬಿಯ ಹಿಂದೆ ಕೂತ ಹಾಗೆ.

"ಇದ್ಯಾಕೆ ನಿಮ್ಮಾವುನ್ನ ಜೈಲಿಗೆ ಹಾಕಿದ್ದೀಯೆ?" ಎಂದೆ.

ಅವಳು ಮುಚ್ಚಿ ತೆರೆದಳು, ಕೆಳಗೆ ಪುಸ್ತಕ ಇಟ್ಟು ಎತ್ತರಿಸಿದಳು. ಗೆರೆ ಹೋಗಿ ಚೌಕಗಳು ಬಂದವು, ಚೌಕ ಹೋಗಿ ಪರದೆಯೇ ಕಪ್ಪಾಯಿತು. ಒಳಗೆ ಫ್ಯಾನು ಮಾತ್ರ ಅಡಿಗೆಭಟ್ಟನ ಸ್ಟೌವಿನ ಹಾಗೆ ಮೊರೆಯುತ್ತಿತ್ತು. ಬಸ್ಸು ಹಿಡಿದು ಇಬ್ಬರೂ ರಾಮನಗರಕ್ಕೆ ಹೋದೆವು.

ರಿಪೇರಿ ಅಂಗಡಿ ಇರ್ಫಾನ್ ಎಂಬುವವನದು. ಮಾತು ಜಾಸ್ತಿ. ಚಿತ್ರ ತೋರಿಸುವುದಕ್ಕೆಂದೇ ಇದರೊಳಗೆ ಗ್ರಾಫಿಕ್ಸ್ ಕಾರ್ಡು ಅಂತ ಒಂದಿದೆ, ಕಾದು ಕಾದು ಅದರ ಬೆಸುಗೆ ಬಿಟ್ಟುಕೊಂಡಿದೆ, ಇಷ್ಟು ಹಳೆಯದಕ್ಕೆ ಹೊಸ ಕಾರ್ಡು ಸಿಗುವುದಿಲ್ಲ, ಬಿಸಿಗಾಳಿ ಹೊಡೆದು ಬೆಸುಗೆ ಕೂರಿಸುತ್ತೇನೆ, ಎಷ್ಟು ದಿನ ನಿಲ್ಲುತ್ತದೋ ದೇವರಿಗೇ ಗೊತ್ತು ಎಂದ. ಹೆಂಗಸರು ತಲೆ ಒಣಗಿಸಿಕೊಳ್ಳುವ ಯಂತ್ರದಂಥದ್ದನ್ನು ಹಿಡಿದು ಚೆನ್ನಾಗಿ ಕಾಯಿಸಿದ. ಚಿತ್ರ ಬಂತು. ಗಾಳಿಯಾಡಲಿ ಎಂದು ಹೊಟ್ಟೆಯ ಕೆಳಗಿನ ಮುಚ್ಚಳ ಹಾಕದೆ ಹಾಗೇ ಬಿಟ್ಟು, ಇನ್ನು ಮೇಲೆ ಇದು ಬಿಸಿಯಾಗಬಾರದು ಎಂದು ಕಟ್ಟಪ್ಪಣೆ ಮಾಡಿದ.

"ಬಿಸಿ ಕೊಟ್ಟು ವಾಸಿ ಮಾಡ್ತೀಯ, ಬಿಸಿ ಆಗ್ಬಾರ್ದು ಅಂತೀಯ. ಇದ್ಯಾವ ಔಷ್ದಿನಪ್ಪ?" ಎಂದೆ.

"ಕಾಯಿಲೆನೂ ಅದೇ, ಔಷ್ದಿನೂ ಅದೇ ಅಜ್ಜಿ. ಹೆಂಗೋ ಹಬ್ಬದ ಗಂಟ ಕಾಪಾಡ್ಕಳಿ."

ಗೆರೆ ಹೋಯಿತು. ಆದರೆ ಮುಖಕ್ಕೆಲ್ಲ ಒಂದು ಹಸಿರು ಬಣ್ಣ ತಿರುಗಿತ್ತು, ಮೇಲೆ ಸಣ್ಣ ಸಣ್ಣ ಚುಕ್ಕೆ. ಇಬ್ಬರೂ ಪಾಚಿ ಕಟ್ಟಿದ ಕಲ್ಲುಗಳ ಹಾಗೆ ಕೂತಿದ್ದೆವು. ಹಸಿರು ಹೋಗಲು ಕೆಂಪು ಹಾಕು ಎಂದೆ. ಮಂಜುಳ, ಇದು ಫೋಟೋದ ತಪ್ಪಲ್ಲ, ಮಿಷನ್ನು ಹಾಗೆ ತೋರಿಸುತ್ತಿದೆ, ಪ್ರಿಂಟು ಹಾಕಿದರೆ ಸರಿಯಾಗಿಯೇ ಬರುತ್ತದೆ ಎಂದಳು. ಕಣ್ಣ ಮುಂದೆ ಹಸಿರಾಗಿರುವ ಗಂಡ ಕಾಗದದ ಮೇಲೆ ಹೇಗೆ ತನ್ನ ಕಪ್ಪು ಬಣ್ಣಕ್ಕೆ ತಿರುಗುತ್ತಾನೆ? ಸೊಸೆಯಂದಿರು ಕೆಲಸ ತಪ್ಪಿಸಲು ಹೇಳುವ ನೆವಗಳನ್ನು ನಾನು ಕಾಣದವಳೇ? ನಾನೂ ಒಂದು ಕಾಲಕ್ಕೆ ಸೊಸೆಯಾಗಿದ್ದವಳು. ಇಬ್ಬರಿಗೂ ಕೆಂಪು ಹಾಕಿಸಿದೆ. ಅವರ ಮುಖಕ್ಕೆ ಇನ್ನೊಂದಿಷ್ಟು ಹಾಕಿಸಿದೆ. ಮುಖದ ಮೇಲಿನ ಚುಕ್ಕೆ ಒರೆಸು ಎಂದೆ. ಅದು ಒರೆಸಿದರೆ ಹೋಗುವಂಥದ್ದಲ್ಲ ಅತ್ತೆ ಎಂದಳು. ಒರೆಸದೆ ಹೇಗೆ ಹೇಳುತ್ತೀಯ ಎಂದೆ. ಆಮೇಲೆ ಅವಳು ಎದುರು ಮಾತಾಡಲಿಲ್ಲ. ಏನೋ ಒಂದು ಕುಂಚ ಹಿಡಿದು ಇಬ್ಬರ ಮುಖವನ್ನೂ ಗಸಗಸ ಒರೆಸಿದಳು. ಎದುರಾಡದ ಸೊಸೆಯನ್ನು ಕಂಡರೆ ಅನುಮಾನ ಪಡಬೇಕು ಎಂದು ನನಗೆ ಆಗ ಹೊಳೆಯಲಿಲ್ಲ.

ಎರಡು ದಿನದಲ್ಲಿ ಲ್ಯಾಪ್‌ಟಾಪು ಮತ್ತೆ ಕಾಯತೊಡಗಿತು. ಇನ್ನೂ ಫೋಟೋದ ಹಿಂದಿನ ಸೋಫಾ ಆಗಬೇಕು, ಹೂಕುಂಡ ಆಗಬೇಕು. ನಮ್ಮ ವಾಸದ ಮನೆಗೆ ತಗಡಿನ ಶೀಟು, ಮಧ್ಯಾಹ್ನ ಒಳಗೆ ಕೂತರೆ ನಾವೇ ಗೆರೆಗೆರೆಯಾಗುತ್ತೇವೆ. ಆಗ ನನಗೆ ನಾವು ರೇಷ್ಮೆಹುಳು ಸಾಕುವ ಹುಳುಮನೆ ನೆನಪಾಯಿತು. ರೇಷ್ಮೆ ಸಾಕುವವರ ಮನೆಗಳೆಲ್ಲ ಹೀಗೇ. ನಾವು ಶೀಟಿನ ಕೆಳಗೆ ಬೇಯುತ್ತಿದ್ದರೆ ಹುಳುಗಳಿಗೆ ಎತ್ತರದ ಹೆಂಚಿನ ಮನೆ, ನಾಲ್ಕೂ ಕಡೆ ಜಾಲರಿ ಕಿಟಕಿ, ಕಿಟಕಿಗೆ ನೀರು ಚಿಮುಕಿಸಿದ ಗೋಣಿತಾಟು, ಗೋಡೆಯ ಮೇಲೆ ಶಾಖ ನೋಡುವ ಕಡ್ಡಿ. ಇರುವೆ ಹತ್ತದಂತೆ ಹುಳುತಟ್ಟೆಗಳ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಟ್ಟಿರುತ್ತೇವೆ. ಇಷ್ಟು ಉಪಚಾರ ನನ್ನ ಬಾಣಂತನದಲ್ಲಿ ನನಗೆ ಆಗಿಲ್ಲ. ಸಾವಿರಾರು ಹುಳುಗಳ ಮೈಶಾಖ ಕಾಯುವ ನನಗೆ ಒಂದು ಲ್ಯಾಪ್‌ಟಾಪು ಯಾವ ಲೆಕ್ಕ ಎಂದು, ಅದನ್ನೆತ್ತಿ ಸ್ಟ್ಯಾಂಡಿನ ಖಾಲಿ ತಟ್ಟೆಯೊಂದರಲ್ಲಿ ಮಲಗಿಸಿದೆ.

ಮಗ ಬೈದ. ಹುಳುಮನೆಗೆ ಕೈಕಾಲು ತೊಳೆಯದೆ ನೆಂಟರನ್ನೂ ಬಿಡದವಳು ನೀನು, ಇದನ್ನು ಹೇಗೆ ಬಿಟ್ಟೆ ಎಂದ. ಅದಕ್ಕೆ ಕೈಕಾಲಿಲ್ಲವಲ್ಲ ಎಂದೆ. ನಿಜ ಹೇಳುತ್ತೇನೆ, ಅಲ್ಲಿ ಅದು ಸುಖವಾಗಿತ್ತು. ಮಂಜುಳ ಕೈತೊಳೆದು ಬಂದು, ಹುಳುಗಳ ನಡುವೆ ಮಣೆ ಹಾಕಿಕೊಂಡು ಕೂತು ಸೋಫಾ ಮುಗಿಸಿದಳು, ಹೂಕುಂಡ ಮುಗಿಸಿದಳು. ಪರದೆ ಒಮ್ಮೆಯೂ ಕಪ್ಪಾಗಲಿಲ್ಲ. ಹೋಗಿ ಬಂದವರಿಗೆಲ್ಲ ನಾನು ಲ್ಯಾಪ್‌ಟಾಪು ಸಾಕುವ ಬಗೆ ಹೇಳತೊಡಗಿದೆ. ಇರ್ಫಾನ್ ಬಂದು ನನ್ನ ಹತ್ತಿರ ಕಲಿತುಕೊಂಡು ಹೋಗಲಿ ಎಂದೂ ಅಂದಿದ್ದುಂಟು.

ಅಷ್ಟರಲ್ಲಿ ಹುಳು ಹಣ್ಣಾದವು. ಹಣ್ಣಾದ ಹುಳು ಮೈ ತಿಳಿಯಾಗಿ, ಸೊಪ್ಪು ಬಿಟ್ಟು, ತಲೆಯೆತ್ತಿ ಗೂಡು ಕಟ್ಟಲು ಮೂಲೆ ಹುಡುಕುತ್ತದೆ. ಮನೆಮಂದಿಯೆಲ್ಲ ಬಿದ್ದು ಅವನ್ನು ಆರಿಸಿ, ಗೂಡು ಕಟ್ಟಲೆಂದೇ ಹೆಣೆದ ಬಿದಿರಿನ ಚಂದ್ರಿಕೆಯ ಮೇಲೆ ಬಿಡಬೇಕು. ಆ ದಿನ ಊಟವಿಲ್ಲ, ಮಾತಿಲ್ಲ. ಲ್ಯಾಪ್‌ಟಾಪಿನ ಕಡೆ ಯಾರು ನೋಡುತ್ತಾರೆ? ಎಲ್ಲ ಮುಗಿದು ಮೂರು ದಿನ ಕಳೆದ ಮೇಲೆ, ಪ್ರಿಂಟಿಗೆ ಕೊಡಲು ಫೋಟೋವನ್ನು ಸಿ.ಡಿ.ಗೆ ಹಾಕೋಣ ಎಂದು ಮಂಜುಳ ಅದನ್ನು ಚಾಲೂ ಮಾಡಿದಳು. ಫ್ಯಾನಿನ ಸದ್ದೇ ಇಲ್ಲ. ಪಾಪ ತಣ್ಣಗಿದೆ, ಫ್ಯಾನು ಬೇಕಾಗಿಲ್ಲ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಯಜಮಾನರು ಜೈಲಿಗೆ ಹೋದರು, ಚೌಕವಾದರು, ಕಪ್ಪಾದರು. ಮುಟ್ಟಿದರೆ ರೊಟ್ಟಿ ಹೆಂಚು.

ಎಡೆ ನಾಳಿದ್ದು. ಮತ್ತೆ ಬಸ್ಸು, ಮತ್ತೆ ಇರ್ಫಾನ್. ಅವನು ಅದನ್ನು ತಿರುವಿ ಹಾಕಿ ನೋಡಿದ. ಚಿಮಟ ಹಾಕಿ, ಎಳೆಎಳೆಯಾಗಿ ಬಿಡಿಸಿ, ಫ್ಯಾನಿನ ರೆಕ್ಕೆಗಳ ನಡುವಿನಿಂದ ಒಂದು ಗೂಡು ತೆಗೆದು ಮೇಜಿನ ಮೇಲಿಟ್ಟ.

"ಅಜ್ಜಿ, ಜಿರಲೆ ನೋಡಿವ್ನಿ, ಇಲಿ ನೋಡಿವ್ನಿ. ಇದು ಎಲ್ಲಿಂದ ಬಂತು?"

ಅವನು ಮುಚ್ಚಳ ಹಾಕದೆ ಬಿಟ್ಟ ಜಾಗದಿಂದಲೇ ಬಂತು. ನಾನು ಗೂಡನ್ನು ಎತ್ತಿ ಒತ್ತಿ ನೋಡಿದೆ. ಒಳ್ಳೆ ಗಟ್ಟಿ ಗೂಡು. ಚಂದ್ರಿಕೆಯಲ್ಲಿ ಕಟ್ಟಿದ್ದಕ್ಕಿಂತ ಹದವಾಗಿತ್ತು. ಬಾಯಿ ತಡೆಯಲಿಲ್ಲ, ಹಾಗೆಂದು ಹೇಳಿಬಿಟ್ಟೆ. ಮಂಜುಳ ಹಣೆ ಹಣೆ ಚಚ್ಚಿಕೊಂಡಳು. ಫ್ಯಾನು ತಿರುಗದೆ ಕಾದು ಕಾರ್ಡು ಪೂರಾ ಸುಟ್ಟಿದೆ, ಇನ್ನು ಬಿಸಿಗಾಳಿ ಹೊಡೆದರೂ ಏಳುವುದಿಲ್ಲ ಎಂದ ಇರ್ಫಾನ್. ನನಗೆ ಜಯಮ್ಮನ ಮುಖ ಕಣ್ಣ ಮುಂದೆ ಬಂತು. ಖಾಲಿ ಮೊಳೆ ತೋರಿಸಿ ಏನು ಹೇಳಲಿ? ಹುಳು ತಿಂದಿತು ಎನ್ನಲೇ?

"ಹಂಗಾದ್ರೆ ಫೋಟೋ ಹೋಯ್ತಾ?" ಎಂದೆ.

"ಫೋಟೋ ಎಲ್ಲೂ ಹೋಗಿಲ್ಲ ಅಜ್ಜಿ. ಒಳಗೇ ಐತೆ. ಹೊರಗೆ ತೋರ್ಸಕ್ಕೆ ಅದ್ರ ಕೈಲಿ ಆಯ್ತಿಲ್ಲ, ಅಷ್ಟೇ."

ನಮ್ಮ ಯಜಮಾನರೂ ಹೀಗೇ. ಕೇಳಿದರೆ ಎಲ್ಲಾ ಮನಸ್ಸಿನಲ್ಲಿದೆ ಎನ್ನುತ್ತಿದ್ದರು, ಹೊರಗೆ ತೋರಿಸಿದ್ದು ಒಂದು ದಿನವೂ ಇಲ್ಲ. ಆಗ ಇಂಥ ಅಂಗಡಿ ಇದ್ದಿದ್ದರೆ ಒಮ್ಮೆ ಬಿಸಿಗಾಳಿ ಹೊಡೆಸಿ ನೋಡಬಹುದಿತ್ತು.

ಇರ್ಫಾನ್ ಅದರ ಹೊಟ್ಟೆಯಿಂದ ಬೆಂಕಿಪೊಟ್ಟಣಕ್ಕಿಂತ ಒಸಿ ದೊಡ್ಡದಾದ, ಫೋಟೋಗಳೆಲ್ಲ ಕೂಡಿಟ್ಟ ಡಬ್ಬಿ ಒಂದನ್ನು ಎಳೆದು ಅಂಗಡಿಯ ಕಂಪ್ಯೂಟರಿಗೆ ಸಿಕ್ಕಿಸಿದ. ಒಳ್ಳೆಯ ಪರದೆ, ಒಳ್ಳೆಯ ಬಣ್ಣ. ಫೋಟೋ ತೆರೆಯಿತು. ಮೂವರೂ ಬಗ್ಗಿ ನೋಡಿದೆವು. ಸೋಫಾ ಚೆನ್ನಾಗಿತ್ತು, ಕೋಟು ಚೆನ್ನಾಗಿತ್ತು. ಕೋಟಿನ ಮೇಲಿನ ಮುಖ ಮಾತ್ರ ಮೆಣಸಿನಕಾಯಿ ಅರೆದ ಕೈಯಲ್ಲಿ ಒರೆಸಿಕೊಂಡ ಹಾಗೆ ಕೆಂಪಗೆ ನುಣ್ಣಗೆ ಹೊಳೆಯುತ್ತಿತ್ತು. ಅಲ್ಲಿ ಹಸಿರೂ ಇರಲಿಲ್ಲ, ಚುಕ್ಕೆಯೂ ಇರಲಿಲ್ಲ. ಅವೆಲ್ಲ ಆ ಸುಟ್ಟ ಕಾರ್ಡಿನವು, ಹಾಕಿಸಿದ ಕೆಂಪೆಲ್ಲ ನನ್ನದು.

ಮಂಜುಳ, 'ನಾನು ಹೇಳಿರಲಿಲ್ಲವೇ' ಎನ್ನಲಿಲ್ಲ. ಅದು ಅವಳ ಒಳ್ಳೆಯತನವೋ ಜಾಣತನವೋ. "ಹಳೇ ಕಾಪಿ ಹಂಗೇ ಮಡಗಿವ್ನಿ ಅತ್ತೆ. ಇಬ್ರುದೂ ಮೊದ್ಲಿದ್ದಂಗೆ ಮಾಡ್ಬುಡ್ಲಾ?" ಎಂದಳು.

ಮಾಡು ಎನ್ನಬೇಕು, ಅಷ್ಟರಲ್ಲಿ ನನ್ನ ಕಣ್ಣು ಪಕ್ಕದ ಮುಖದ ಮೇಲೆ ಬಿತ್ತು. ನನ್ನ ಮುಖ. ಸುಕ್ಕೆಲ್ಲ ಚುಕ್ಕೆಯ ಜೊತೆಗೆ ಒರೆಸಿಹೋಗಿ, ಕೆನ್ನೆಗೆ ತೆಳ್ಳಗೆ ರಂಗು ಬಂದು, ಹಾಲು ತುಪ್ಪದಲ್ಲಿ ಬೆಳೆದ ಗೌಡತಿಯ ಹಾಗೆ ಕೂತಿದ್ದೆ. ನಾನು ಹದಿನೆಂಟರಲ್ಲೂ ಹಾಗಿರಲಿಲ್ಲ.

"ಅವ್ರುದ್ ಮಾಡು," ಎಂದೆ. "ನಂದು ಬುಡು."

ಎಡೆಯ ದಿನ ಫೋಟೋ ಗೋಡೆಗೆ ಬಂತು. ಕೆಳಗೆ ಎಲೆ ಹಾಸಿ, ಮುದ್ದೆ, ಮಾಂಸ, ಅವರ ಬೀಡಿ ಕಟ್ಟು ಎಲ್ಲ ಇಟ್ಟು, ಹಾರವನ್ನು ಅವರ ಕಡೆಗೆ ಜಾರಿಸಿ ಹಾಕಿದೆವು. ನೆಂಟರು ತುಂಬಿದ್ದರು. ಜಯಮ್ಮ ಬಂದವಳು ಸೀದಾ ಫೋಟೋದ ಮುಂದೆ ನಿಂತಳು. ನಾನು ಬೇಕೆಂದೇ ಸೆರಗಿನಿಂದ ಅದರ ಧೂಳು ಒರೆಸಿದೆ.

"ಭಾವ ಹಂಗೇ ಅವ್ರೆ ಕಣಕ್ಕ," ಎಂದಳು. "ಈಗೆದ್ದು ಬಂದು ಎಲೆ ಮುಂದೆ ಕೂರ್ತಾರೇನೋ ಅನ್ನಂಗೆ." ನನಗೆ ಒಂದು ಘಳಿಗೆ ಅವಳ ಮೇಲೆ ಪ್ರೀತಿಯೇ ಬಂತು. ಆಮೇಲೆ ಅವಳು ಕನ್ನಡಕ ಮೇಲೇರಿಸಿಕೊಂಡು ಇನ್ನಷ್ಟು ಹತ್ತಿರ ಹೋದಳು. "ಅಲ್ಲಾ, ಪಕ್ಕದಲ್ಲಿ ಕುಂತಿರೋ ಹೆಂಗ್ಸು ಯಾರಕ್ಕ?"

ಮಂಜುಳ ಅಡಿಗೆಮನೆಗೆ ಓಡಿದಳು. ಅಲ್ಲೊಂದು ಸದ್ದಾಯಿತು, ಪಾತ್ರೆ ಬಿದ್ದದ್ದೋ ನಗುವಿನದೋ ನಾನು ಕೇಳಹೋಗಲಿಲ್ಲ. ಆ ಬೆಳೆಯ ಗೂಡು ಒಳ್ಳೆ ರೇಟಿಗೆ ಹೋದಾಗ ಅವಳಿಗೆ ಬೇರೆ ಲ್ಯಾಪ್‌ಟಾಪು ಕೊಡಿಸಿದೆವು. ಹುಳು ಕೆಡಿಸಿದ್ದನ್ನು ಹುಳುವೇ ಕಟ್ಟಿಕೊಡಲಿ ಎಂದೆ. ಅದನ್ನು ಹುಳುಮನೆಯ ಹೊಸ್ತಿಲು ದಾಟಿಸಲು ಅವಳು ಬಿಟ್ಟಿಲ್ಲ. ಫೋಟೋ ಈಗಲೂ ಗೋಡೆಯ ಮೇಲಿದೆ, ಬದಲಾಯಿಸುವ ಮನಸ್ಸು ನನಗಿಲ್ಲ. ಒಂದೇ ಯೋಚನೆ. ನಾನು ಹೋದ ಮೇಲೆ ಅದೇ ಫೋಟೋದ ಕೆಳಗೆ ನನಗೂ ಎಲೆ ಹಾಕಿ ಮುದ್ದೆ, ಮಾಂಸ ಇಡುತ್ತಾರೆ. ಆ ಎಡೆ ನನಗೆ ಬರುತ್ತದೋ, ಆ ಕೆಂಪು ಕೆನ್ನೆಯವಳಿಗೆ ಹೋಗುತ್ತದೋ ಯಾರಿಗೆ ಗೊತ್ತು. ಯಾವುದಕ್ಕೂ ಇರಲಿ ಎಂದು ಈ ಸಲದ ಹಬ್ಬದಲ್ಲಿ ಇನ್ನೊಂದು ತುಂಡು ಹಾಕಿಸಿಕೊಂಡೆ.