ನಾವೆಲ್ಲರೂ ಕುಡಿದ ಸಂಶೋಧನೆ

ಮೂವತ್ತೊಂದು ವರ್ಷಗಳಿಂದ ಮೊಂತಿ ಹಬ್ಬದ, ಅಂದರೆ ನಮ್ಮ ಕ್ರೈಸ್ತರ ತೆನೆ ಹಬ್ಬದ, ಅಡುಗೆ ನನ್ನದೇ. ಮರಿಯಮ್ಮನ ಕೃಪೆಯಿಂದ ಒಮ್ಮೆಯೂ ಹಾಲು ಉಕ್ಕಿಲ್ಲ, ಅನ್ನ ಸೀದಿಲ್ಲ. ಹಾಗಾಗಿ ಈ ಸಲ ಗಂಡನ ಕಡೆಯ ಹನ್ನೊಂದು ಮಂದಿ ಊಟಕ್ಕೆ ಬರುತ್ತಾರೆ ಎಂದಾಗ ನನಗೆ ಹೆದರಿಕೆಯೇ ಆಗಲಿಲ್ಲ. ಆಗಬೇಕಿತ್ತು!

ಮೊದಲು ಪ್ರೀಮಾಳ ವಿಷಯ ಹೇಳಬೇಕು. ಕುಕ್ಕುಂದೂರಿನ ನನ್ನ ಅಕ್ಕನ ಮಗಳು. ಉಡುಪಿಯ ನಮ್ಮ ಮನೆಯಲ್ಲಿದ್ದುಕೊಂಡು, ಮಣಿಪಾಲದಲ್ಲಿ ಹುಲ್ಲಿನ ಮೇಲೆ ಡಾಕ್ಟರೇಟ್ ಮಾಡುತ್ತಾಳೆ. ನವಣೆಯ ಹತ್ತಿರದ ಸಂಬಂಧಿಯಾದ ಕಾಡುಹುಲ್ಲು. ಬೇಗ ತೆನೆ ಬಿಡುವುದರಿಂದ ಪ್ರಯೋಗಕ್ಕೆ ಒಳ್ಳೆಯದಂತೆ. ಅದರ ಜೀನ್‌ನಲ್ಲಿ ಒಂದೇ ಕಡೆ ಕತ್ತರಿಸಿ ತಿದ್ದಿ, ಕಡಿಮೆ ನೀರಿನಲ್ಲಿ ಬದುಕುತ್ತದೋ ನೋಡುವುದು. ಸರಿಹೋದರೆ ಮುಂದೆ ಬೆಳೆಗಳಲ್ಲೂ ಹಾಗೆಯೇ ತಿದ್ದುವುದು. ರವಿಕೆಯ ಒಂದೇ ಹೊಲಿಗೆ ಬಿಚ್ಚಿ ಮತ್ತೆ ಹಾಕಿದ ಹಾಗೆ ಎಂದು ನಾನು ಅರ್ಥ ಮಾಡಿಕೊಂಡೆ.

ತಿದ್ದಿದ ಹುಲ್ಲು ಲ್ಯಾಬಿನ ಹೊಸಿಲು ದಾಟುವಂತಿಲ್ಲ. ಅದರೊಡನೆ ಹೋಲಿಸಲು ಬೇಕಾದ, ತಿದ್ದದ ಹುಲ್ಲು ಆರು ಚಟ್ಟಿಗಳಲ್ಲಿ ನಮ್ಮ ಹಿಂದಿನ ಜಗಲಿಯಲ್ಲಿತ್ತು. ಅದರ ಬೀಜವಿಲ್ಲದೆ ಮುಂದಿನ ಪ್ರಯೋಗವಿಲ್ಲ ಎಂದು ಮೂರು ಸಲ ಹೇಳಿದ್ದಳು. ಮೂರು ಸಲವೂ ನಾನು ತಲೆಯಾಡಿಸಿದ್ದೆ.

ಹಬ್ಬದ ದಿನ ಇಗರ್ಜಿಯಲ್ಲಿ ಆಶೀರ್ವದಿಸಿ ಕೊಟ್ಟ ಭತ್ತದ ತೆನೆಯ ಕಾಳನ್ನು ಅರೆದು, ಹಾಲಿಗೆ ಬೆರೆಸಿ ಮನೆಮಂದಿಯೆಲ್ಲ ಕುಡಿಯಬೇಕು. ಅದಾಗದೆ ಊಟವಿಲ್ಲ. ಸ್ಕೂಟರಿನ ಹಿಂದೆ ಕುಳಿತು ತೆನೆಯನ್ನು ಭದ್ರವಾಗಿ ಹಿಡಿದುಕೊಂಡಿದ್ದೆ. ಮನೆ ತಲುಪಿದಾಗ ಕೈಯಲ್ಲಿ ಬರೇ ದಂಟು. ತೆನೆ ದಾರಿಯಲ್ಲೆಲ್ಲೋ ಇಳಿದುಕೊಂಡಿತ್ತು!

ಹುಡುಕಿಕೊಂಡು ಬರಲೇ ಎಂದು ಗಂಡ ಕೇಳಿದರು.

"ಬೇಡ. ನೀವು ಎಂತದೂ ಗೊತ್ತಿಲ್ಲದ ಹಾಗೆ ಕೂತುಕೊಳ್ಳಿ."

ಮೂವತ್ತೊಂದು ವರ್ಷಗಳ ಅಭ್ಯಾಸ, ಚೆನ್ನಾಗಿಯೇ ಕುಳಿತರು.

ಪ್ರೀಮಾ ತಾಯಿಯನ್ನು ಕರೆತರಲು ಬಸ್ ನಿಲ್ದಾಣಕ್ಕೆ ಹೋಗಿದ್ದಳು. ಹಿಂದಿನ ಜಗಲಿಯಲ್ಲಿ ತೆನೆಗಳು ತಲೆಬಾಗಿ ನಿಂತಿದ್ದವು. ಅವನ್ನೂ ದೇವರೇ ಸೃಷ್ಟಿಸಿದ್ದಲ್ಲವೇ? ಒಂದು ಸಾಕಿತ್ತು. ಆದರೆ ಹಬ್ಬದ ದಿನ ಜಿಪುಣತನ ಮಾಡಬಾರದೆಂದು ಆರೂ ಚಟ್ಟಿ ಬೋಳಿಸಿದೆ. ಗೆರಸೆಯಲ್ಲಿ ಉಜ್ಜಿ, ಪಾದ್ರಿಗಳ ಅಧಿಕಾರವನ್ನು ತಾತ್ಕಾಲಿಕವಾಗಿ ವಹಿಸಿಕೊಂಡು ಪವಿತ್ರ ಜಲ ಚಿಮುಕಿಸಿ, ಮಿಕ್ಸಿಗೆ ಹಾಕಿದೆ.

ಈ ತೆನೆಗೆ ಮೈತುಂಬ ಬಿರುಸು ಕೂದಲೆಂಬುದು ಹಾಲು ಹಂಚಿದ ಮೇಲೆ ತಿಳಿಯಿತು. ಪ್ರಾರ್ಥನೆ ಕೆಮ್ಮಿನಲ್ಲಿ ಮುಕ್ತಾಯವಾಯಿತು. ಗಂಡನ ಅಣ್ಣ ನಾಲಿಗೆಯಿಂದ ಒಂದು ಎಳೆ ತೆಗೆದು ಬೆಳಕಿಗೆ ಹಿಡಿದರು.

"ಈ ಸಲದ ಹೊಸ ಅಕ್ಕಿಗೆ ಗಡ್ಡ ಉಂಟಲ್ಲ ಮಾರಾಯ್ತಿ?"

"ಸಾವಯವ, ಬಾವ," ಎಂದೆ.

ಅಷ್ಟರಲ್ಲಿ ಅಕ್ಕ, ಪ್ರೀಮಾ ಬಂದರು. ಈ ಹಾಲು ಯಾರಿಗೂ ತಪ್ಪಬಾರದು. ಅವರ ಪಾಲು ತೆಗೆದಿಟ್ಟಿದ್ದೆ. ಪ್ರೀಮಾ ಭಕ್ತಿಯಿಂದ ಕೊನೆಯ ಹನಿಯವರೆಗೆ ಕುಡಿದು, ಚಟ್ಟಿಗಳಿಗೆ ನೀರು ಹಾಕಲು ಹೋದಳು.

ಹಿಂದಿರುಗಿ ಬಂದವಳು ಅಡುಗೆಮನೆಯ ಹೊಸಿಲಲ್ಲೇ ಕುಳಿತಳು.

"ಮಾವ್ಶಿ, ಎಲ್ಲ ತೆನೆಯಾ?"

"ಎಲ್ಲ."

"ಈಗ ನಾನು ಕುಡಿದದ್ದು?"

"ಅದೇ, ಮಗಾ."

ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಎರಡೂವರೆ ತಿಂಗಳು ನೀರೆರೆದ ಹುಡುಗಿ ಸುಮ್ಮನೆ ಕಣ್ಣೊರೆಸಿಕೊಂಡಳು. ಊಟ ಬಿಟ್ಟು ಅತಿಥಿಗಳೆಲ್ಲ ನೆಲದ ಮೇಲೆ ಕೈ ಊರಿ ಹುಡುಕಿದರು. ಗೆರಸೆಯ ಹೆಣಿಗೆಯ ಸಂದಿಯಲ್ಲಿ ಎಂಟು ಇಡೀ ಕಾಳು ಸಿಕ್ಕಿದವು. ಎಂಟು ಸಾಕು, ಒಂದೊಂದು ಗಿಡ ನೂರಾರು ಕಾಳು ಕೊಡುತ್ತದೆ, ಆದರೆ ಇನ್ನೂ ಎರಡೂವರೆ ತಿಂಗಳು ಕಾಯಬೇಕು ಎಂದಳು. ನಾನು ದೇವರಿಗೆ ಎಂಟು ಸಲ ಕೃತಜ್ಞತೆ ಹೇಳಿದೆ.

ಮರುದಿನ ಅವಳ ದಾಖಲೆ ಪುಸ್ತಕದಲ್ಲಿ ಇಣುಕಿದೆ. ನಷ್ಟಕ್ಕೆ ಕಾರಣ: ಮನೆಯ ಸದಸ್ಯರು ಕೊಯ್ದರು. ಮುಂಜಾಗ್ರತೆ: ತಂತಿಬಲೆಯ ಗೂಡು.

"ಗೂಡು ಎಂತಕ್ಕೆ? ಹಕ್ಕಿ ಬರ್ತದಾ?"

"ಹಕ್ಕಿ ಇಷ್ಟರವರೆಗೆ ಎಂತದೂ ಮಾಡಲಿಲ್ಲ ಮಾವ್ಶಿ."

ಈಗ ಎಂಟು ಕಾಳೂ ಮೊಳೆತು ಗೂಡಿನೊಳಗಿವೆ. ಗೂಡಿಗೆ ಬೀಗವೂ ಉಂಟು. ಹಕ್ಕಿಗಳಿಗಾಗಿ ಯಾರೂ ಬೀಗ ಹಾಕುವುದಿಲ್ಲ ಎಂಬಷ್ಟು ವಿಜ್ಞಾನ ನನಗೂ ಗೊತ್ತು.