ವಿರುಪಣ್ಣನ ಗಾಳಿಕೊಳವೆ

ಆ ಬೇಸಿಗೆ ವಿರುಪಣ್ಣನ ಮನೆಯ ಕೂಲರಿನಿಂದ ಗಾಳಿಗಿಂತ ವಾಸನೆಯೇ ಹೆಚ್ಚು ಬರುತ್ತಿತ್ತು. ಸುಟ್ಟ ವಾಸನೆಯೋ ಕೊಳೆತ ವಾಸನೆಯೋ ಎಂದು ಹೇಳಲು ಬರುತ್ತಿರಲಿಲ್ಲ. ಎರಡೂ ಕೂಡಿ ಹೊಸದಾಗಿ ಸಂಸಾರ ಹೂಡಿದಂತಿತ್ತು. ಹೆಂಡತಿ ದ್ರಾಕ್ಷಾಯಿಣಿ ಎರಡು ವಾರ ಇಲಿ ಸತ್ತಿರಬೇಕು ಎಂದಳು. ಮೂರನೆಯ ವಾರ ಗಂಡನಿಗೆ ಹೇಳುವುದನ್ನು ಬಿಟ್ಟು ಗಂಗಾವತಿಯ ಕೊಳವೆ ತೊಳೆಯುವವನಿಗೆ ಫೋನು ಮಾಡಿದಳು.

ಕುಷ್ಟಗಿಯ ಹಳೇ ಓಣಿಯಲ್ಲಿ ಅದು ಕಲ್ಲು ಗೋಡೆ, ಮಣ್ಣು ಮಾಳಿಗೆಯ ಮನೆ. ಅಂಥ ಮನೆಗೆ ಗಾಳಿಕೊಳವೆ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಬೇಕಾದದ್ದೇ. ವಿರುಪಣ್ಣನ ಅಪ್ಪ ಯಲಬುರ್ಗಾ ಕಡೆಯ ಸಾಲಿಗಳಲ್ಲಿ ಮೂವತ್ತು ವರ್ಷ ಮಾಸ್ತರರಾಗಿದ್ದವರು. ಅವರಿಗೆ ಸೆಕೆ ಒಂದನ್ನು ಬಿಟ್ಟರೆ ಲೋಕದಲ್ಲಿ ಬೇರೆ ವೈರಿ ಇರಲಿಲ್ಲ. ಗಂಗಾವತಿಯಲ್ಲಿ ಒಂದು ಟಾಕೀಸು ಮುಚ್ಚಿದಾಗ ಅದರ ತಗಡಿನ ಕೊಳವೆಯನ್ನು ಗುಜರಿಯವನಿಂದ ಕೊಂಡು, ಎರಡು ಚಕ್ಕಡಿಯಲ್ಲಿ ಹೇರಿಸಿ ತಂದು, ಮಾಳಿಗೆ ಮೇಲೆ ಕಪಾಟಿನಷ್ಟು ದೊಡ್ಡ ಕೂಲರು ಕೂರಿಸಿ, ಕೋಣೆ ಕೋಣೆಗೂ ಒಂದೊಂದು ಜಾಲರಿ ಇಡಿಸಿದ್ದರು. ಮಾಸ್ತರರು ತೀರಿಕೊಂಡು ಆರು ವರ್ಷವಾಗಿತ್ತು. ಕೊಳವೆಯ ಒಳಗೆ ಅವತ್ತಿನವರೆಗೂ ಒಬ್ಬ ನರಮನುಷ್ಯ ಕೈ ಹಾಕಿರಲಿಲ್ಲ.

ಕೈ ಹಾಕಿರಲಿಲ್ಲ ಎಂದು ಊರಿಗೆಲ್ಲ ಹೇಳಬಹುದು, ನಿಮಗೆ ಹೇಳಲಾಗದು. ವಿರುಪಣ್ಣ ಎರಡು ವರ್ಷದಿಂದ ದಿನಾ ಬೆಳಗ್ಗೆ ಬಚ್ಚಲುಮನೆಯ ಜಾಲರಿಯೊಳಗೆ ಕೈ ಹಾಕುತ್ತಿದ್ದ.

ಸಂಗತಿ ಇಷ್ಟು. ಆ ಊರಿನ ಮಠದ ಸ್ವಾಮಿಗಳು ವರ್ಷಕ್ಕೊಮ್ಮೆ ಜೋಳಿಗೆ ಹಿಡಿದು ಓಣಿ ಓಣಿ ತಿರುಗುತ್ತಾರೆ. ಕಾಳು ಕಡಿ ಬೇಡುವುದಿಲ್ಲ, ಚಟ ಬೇಡುತ್ತಾರೆ. ಕುಡಿಯುವವನು ಬಾಟಲಿ ಹಾಕಬೇಕು, ಗುಟ್ಕಾ ತಿನ್ನುವವನು ಚೀಟಿ ಹಾಕಬೇಕು. ತಾಲೂಕು ಕಚೇರಿಯ ಗುಮಾಸ್ತ ವಿರುಪಣ್ಣ ಎರಡು ವರ್ಷದ ಹಿಂದೆ ಎಲ್ಲರೆದುರು ತನ್ನ ಸಿಗರೇಟು ಪ್ಯಾಕನ್ನು ಜೋಳಿಗೆಗೆ ಹಾಕಿ, ಪೇಪರಿನಲ್ಲಿ ಫೋಟೋ ಬರಿಸಿಕೊಂಡ. ಹತ್ತೊಂಬತ್ತು ದಿನ ನಿಜವಾಗಿಯೂ ಬಿಟ್ಟಿದ್ದ. ಇಪ್ಪತ್ತನೆಯ ದಿನ ಬಚ್ಚಲುಮನೆಯಲ್ಲಿ ಸ್ಟೂಲು ಹತ್ತಿ, ಜಾಲರಿಗೆ ಬಾಯಿ ಕೊಟ್ಟು ಹೊಗೆ ಬಿಟ್ಟು, ತುಂಡನ್ನು ಅದರೊಳಗೇ ತುರುಕಿ ಬಂದ. ಅಷ್ಟರಲ್ಲಿ ಓಣಿಯವರು ಅವನನ್ನು ವ್ಯಸನಮುಕ್ತ ಸಮಿತಿಯ ಕಾರ್ಯದರ್ಶಿ ಮಾಡಿಬಿಟ್ಟಿದ್ದರು. ಕಾರ್ಯದರ್ಶಿಯಾದವನು ಸುಮ್ಮನೆ ಕೂರಲಾದೀತೇ? ಬಸ್‌ಸ್ಟ್ಯಾಂಡ್ ಹೋಟೆಲಿನ ಮುಂದೆ ನೆರೆಮನೆಯ ದುರಗಪ್ಪನ ಬಾಯಿಂದ ಸಿಗರೇಟು ಕಸಿದು ಚಪ್ಪಲಿಯಡಿ ಹೊಸಕಿದ್ದ. ಮನೆಗೆ ಬಂದು ಕನ್ನಡಿ ನೋಡಿಕೊಳ್ಳಲು ನಾಚಿಕೆಯಾಗಿ, ನಾಚಿಕೆ ಕಳೆಯಲು ಇನ್ನೊಂದು ಸೇದಿದ್ದ.

ಇವತ್ತು ಸಂಜೆ ಐದಕ್ಕೆ ಮಠದಲ್ಲಿ ಅವನಿಗೆ ಸನ್ಮಾನ. ‘ನಾನು ಚಟ ಗೆದ್ದ ಬಗೆ’ ಎಂಬ ವಿಷಯದ ಮೇಲೆ ಅವನದೇ ಭಾಷಣ ಎಂದು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಸಮಾರಂಭ ಮುಗಿದ ಮೇಲೆ ಮಠದ ಹಿರಿಯರು ಇವನ ಮನೆಗೆ ಚಹಾಕ್ಕೆ ಬರುವವರಿದ್ದರು. ಹಿರಿಯರ ಮೂಗಿಗೆ ಆ ವಾಸನೆ ಹೊಡೆಯಬಾರದೆಂದು ದ್ರಾಕ್ಷಾಯಿಣಿ ಇದೇ ದಿನ ಕೊಳವೆ ತೊಳೆಯುವವರನ್ನು ಕರೆಸಿದ್ದಳು.

ಬೆಳಗ್ಗೆ ಒಂಬತ್ತಕ್ಕೆ ಹಾಲು ತಗೊಂಡು ಬಂದ ವಿರುಪಣ್ಣ ಬಾಗಿಲ ಮುಂದೆ ವ್ಯಾನು ಕಂಡ. ಉಮರಸಾಬ ಎಂಬವನು ಒಳಗಿನಿಂದ ಪೀಪಾಯಿಯಂಥ ಒಂದು ಯಂತ್ರ ಇಳಿಸುತ್ತಿದ್ದ. ಗಂಗಾವತಿಯ ಅಕ್ಕಿ ಗಿರಣಿಗಳ ಕೊಳವೆ ತೊಳೆದು ಹೆಸರು ಮಾಡಿದವನು, ಸಮಾಧಾನದ ಮನುಷ್ಯ. ವಿರುಪಣ್ಣನ ಕೈಯ ಹಾಲು ಅರ್ಧ ಲೋಟದಷ್ಟು ಹೊಸ್ತಿಲ ಮೇಲೆ ಚೆಲ್ಲಿತು.

ಮೊದಲು ಅವನು, ಕೂಲರನ್ನು ಮುಂದಿನ ವಾರ ಕಿತ್ತೇ ಹಾಕುವವನಿದ್ದೇನೆ, ಸುಮ್ಮನೆ ತ್ರಾಸು ಬೇಡ ಎಂದ. ಮಾವನವರು ಪ್ರೀತಿಯಿಂದ ಹಾಕಿಸಿದ್ದನ್ನು ಕೀಳುವ ಮಾತು ಮತ್ತೊಮ್ಮೆ ಬಂದರೆ ಈ ಮನೆಯಲ್ಲಿ ಒಲೆ ಹತ್ತುವುದಿಲ್ಲ ಎಂದಳು ದ್ರಾಕ್ಷಾಯಿಣಿ. ಆಮೇಲೆ ಅವನು ಉಮರಸಾಬನನ್ನು ಗೋಡೆ ಮರೆಗೆ ಕರೆದು, ತಲೆಗೆ ಹೊಳೆದದ್ದನ್ನು ಹೇಳಿಬಿಟ್ಟ.

“ಒಳಗ ಹಾವು ಅದಾವರಿ. ನಾನು ಕಣ್ಣಾರೆ ನೋಡೀನಿ. ನಿಮ್ಮ ಜೀವಕ್ಕ ಅಪಾಯ, ಹೊಳ್ಳಿ ಹೋಗ್ರಿ.”

ಉಮರಸಾಬ ಹೆದರಲಿಲ್ಲ. ಗಿರಣಿ ಕೊಳವೆಯಲ್ಲಿ ಹಾವು ಸಿಗುವುದು ಅವನಿಗೆ ದಿನದ ಮಾತು. ಆದರೆ ಹಾವು ಎಂಬ ಮಾತು ಗೋಡೆಯ ಮರೆಯಲ್ಲಿ ನಿಲ್ಲುವಂಥದಲ್ಲ. ಹತ್ತು ನಿಮಿಷದಲ್ಲಿ ಅರ್ಧ ಓಣಿ ಪಡಸಾಲೆಯಲ್ಲಿತ್ತು. ದುರಗಪ್ಪ ಬಡಿಗೆ ಹಿಡಿದು ಬಂದ. ಎದುರು ಮನೆಯ ಹುಲಗೆಮ್ಮ ಅರಿಷಿಣ ಕುಂಕುಮ ಹಿಡಿದು ಬಂದಳು, ನಾಗಪ್ಪನೇ ಇದ್ದರೆ ಇರಲಿ ಎಂದು. ಒಳಕೋಣೆಯ ಬಾಗಿಲಲ್ಲಿ ಮಂಚದ ಮೇಲೆ ಕೂತಿದ್ದ ವಿರುಪಣ್ಣನ ತಾಯಿ ಸಣ್ಣವ್ವ ಮಾತ್ರ ಯಾರನ್ನೂ ನೋಡದೆ ಜಪಮಣಿ ಎಣಿಸುತ್ತಿದ್ದಳು.

“ಹಂಗಾರ ಮೊದಲ ಕ್ಯಾಮೆರಾ ಬಿಟ್ಟು ನೋಡೂಣ್ರಿ,” ಎಂದ ಉಮರಸಾಬ. “ನಿಮ್ಮ ಟಿವಿಗೆ ಹಚ್ತೀನಿ. ಹಾವು ಎಲ್ಲಿ ಐತಿ ಅಂತ ಎಲ್ಲಾರೂ ನೋಡಬಹುದು.”

ಎಲ್ಲರೂ ನೋಡಬಹುದು. ವಿರುಪಣ್ಣ ಮೆಲ್ಲಗೆ ಹಿಂದೆ ಸರಿದು ಮೇನ್ ಸ್ವಿಚ್ಚು ಇಳಿಸಿದ. ಟಿವಿ ಆರಿತು. ದುರಗಪ್ಪ ಕರೆಂಟು ಇಲಾಖೆಯಲ್ಲಿ ಇಪ್ಪತ್ತೆರಡು ವರ್ಷ ಲೈನ್‌ಮನ್ ಆಗಿದ್ದವನು ಎಂಬುದು ಅವನಿಗೆ ಆ ಗಾಬರಿಯಲ್ಲಿ ಮರೆತೇ ಹೋಗಿತ್ತು. ದುರಗಪ್ಪ ಒಂದೇ ನಿಮಿಷದಲ್ಲಿ ಸ್ವಿಚ್ಚು ಎತ್ತಿ ಬಂದ. ಬಂದವನು ವಿರುಪಣ್ಣನ ಮುಖವನ್ನು ಒಂದು ಗಳಿಗೆ ಹೆಚ್ಚಾಗಿಯೇ ನೋಡಿದ.

ತಂತಿಯ ತುದಿಯ ಕ್ಯಾಮೆರಾ ಪಡಸಾಲೆಯ ಜಾಲರಿಯಿಂದ ಒಳಹೊಕ್ಕಿತು. ಟಿವಿಯಲ್ಲಿ ಮಸುಕು ಮಸುಕಾಗಿ ತಗಡು ಕಂಡಿತು, ಧೂಳು ಕಂಡಿತು, ಯಾವುದೋ ಕಾಲದ ಗುಬ್ಬಿಗೂಡು ಕಂಡಿತು. ಒಳಕೋಣೆಯ ತಿರುವು ದಾಟುತ್ತಿದ್ದಂತೆ ಕ್ಯಾಮೆರಾ ನಿಂತಿತು. ಮುಂದೆ ಒಂದು ಗುಡ್ಡೆ ಇತ್ತು. ಟಿವಿ ದೊಡ್ಡದು. ಒಂದೊಂದು ತುಂಡೂ ಬದನೆಕಾಯಿಯಷ್ಟು ದಪ್ಪವಾಗಿ ಕಾಣುತ್ತಿತ್ತು. ಹುಲಗೆಮ್ಮ ಹಾವಿನ ತತ್ತಿಯೇನು ಎಂದು ಕೇಳಿದಳು. ಕೇಳಿ ಮುಗಿಸುವಷ್ಟರಲ್ಲಿ ಅವಳಿಗೂ ಗೊತ್ತಾಯಿತೋ ಏನೋ, ಬಾಯಿಗೆ ಸೆರಗು ಹಿಡಿದಳು.

“ಹಾವು ಅಲ್ಲರಿ,” ಎಂದ ಉಮರಸಾಬ, ಮನೆಯ ಮಾನ ಎಂದು ದನಿ ತಗ್ಗಿಸಿ. “ಯಾರೋ ಸೇದಿ ಒಗದ ತುಂಡು.”

ಎಲ್ಲರ ಕಣ್ಣು ಟಿವಿ ಬಿಟ್ಟು ವಿರುಪಣ್ಣನ ಮೇಲೆ ಬಂದು ಕೂತವು. ದುರಗಪ್ಪ ಬಡಿಗೆಯನ್ನು ಗೋಡೆಗೆ ಆನಿಸಿ, ಬಹಳ ಮರ್ಯಾದೆಯಿಂದ, ಈ ಮನೆಯಲ್ಲಿ ಸೇದುವವರು ಯಾರು ಕಾರ್ಯದರ್ಶಿಗಳೇ ಎಂದು ಕೇಳಿದ. ವಿರುಪಣ್ಣ ಟಿವಿಯ ಕಡೆ ನೋಡಲಾರದೆ ನೆಲ ನೋಡಿದ. ಸಂಜೆಯ ಶಾಲು, ಹಾರ, ಪತ್ರಿಕೆಯಲ್ಲಿ ಅಚ್ಚಾದ ತನ್ನ ಹೆಸರು ಎಲ್ಲ ಒಂದೇ ಸಲ ಕಣ್ಣ ಮುಂದೆ ಬಂದವು. ನಾಲಿಗೆ ತನ್ನಷ್ಟಕ್ಕೆ ತಾನೇ ಹೊರಳಿತು.

“ಅವು ಅಪ್ಪನ ಕಾಲದ್ವು ಇರಬೇಕು,” ಎಂದ.

ಅಂದ ಕೂಡಲೇ ಅವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಚಹಾ ಸಹ ಕುಡಿಯದ ಅಪ್ಪ. ಹುಡುಗರು ಬಾಯಲ್ಲಿ ಸೀಮೆಸುಣ್ಣ ಇಟ್ಟುಕೊಂಡರೂ ಚಟ ಹತ್ತೀತು ಎಂದು ಬೈಯುತ್ತಿದ್ದ ಅಪ್ಪ. ಗೋಡೆಯ ಮೇಲೆ ಫೋಟೋದಲ್ಲಿ ಅವರು ನೇರ ಇವನ ನೆತ್ತಿಯನ್ನೇ ನೋಡುತ್ತಿದ್ದರು.

ಒಳಕೋಣೆಯ ಬಾಗಿಲಲ್ಲಿ ಜಪಮಣಿ ನಿಂತಿತು. ಸಣ್ಣವ್ವ ಮಂಚದಿಂದ ಇಳಿದು ಪಡಸಾಲೆಯ ನಡುವೆ ಬಂದು ನಿಂತಳು. ಎಪ್ಪತ್ನಾಲ್ಕು ವರ್ಷದ ಮುದುಕಿ, ಆದರೆ ದನಿ ಒಡೆದಿರಲಿಲ್ಲ.

“ಸತ್ತವರ ಹೆಸರು ತಗೀಬ್ಯಾಡ,” ಎಂದಳು. “ಅವ್ರು ಆಯುಷ್ಯದಾಗ ಒಂದ ಸಲ ಸೇದಲಿಲ್ಲ. ಅವು ನನ್ನವು.”

ದ್ರಾಕ್ಷಾಯಿಣಿ ಗೋಡೆ ಹಿಡಿದಳು. ವಿರುಪಣ್ಣನ ಎದೆ ಒಡೆದು ಹೋಯಿತು. ಮಗನ ಮಾನ ಉಳಿಸಲು, ಗಂಡನ ಹೆಸರು ಉಳಿಸಲು, ಈ ಮುದಿ ಜೀವ ಊರೆದುರು ತನ್ನ ತಲೆಯ ಮೇಲೆ ಹೊತ್ತುಕೊಳ್ಳುತ್ತಿದೆ. ತಾನು ಗಂಡಸೆನಿಸಿಕೊಂಡು ಸುಮ್ಮನೆ ನಿಂತಿದ್ದೇನೆ. ಅವನು ಅಲ್ಲಿಯೇ ತಾಯಿಯ ಕಾಲ ಹತ್ತಿರ ಕುಸಿದು ಕೂತು, ಸಣ್ಣ ಹುಡುಗನ ಹಾಗೆ ಅತ್ತುಬಿಟ್ಟ.

“ಯವ್ವ ಸುಳ್ಳು ಹೇಳಾಕ ಹತ್ಯಾಳ್ರಿ, ನನ್ನ ಉಳಸಾಕ. ಅವು ನನ್ನವು. ಹತ್ತೊಂಬತ್ತು ದಿನ ಬಿಟ್ಟಿದ್ನಿ, ಅಷ್ಟ. ಎರಡು ವರ್ಷದಿಂದ ಬಚ್ಚಲದಾಗ ಸ್ಟೂಲ್ ಹತ್ತಿ ಸೇದೀನಿ. ದುರಗಪ್ಪಣ್ಣ, ನಿನ್ನ ಬಾಯಾಗಿನ ಸಿಗರೇಟು ಕಸಗೊಂಡ ದಿನಾನೂ ಸೇದೀನಿ. ನನ್ನ ಕ್ಷಮಾ ಮಾಡ್ರಿ.”

ದುರಗಪ್ಪನ ಕಣ್ಣೂ ಒದ್ದೆಯಾದವು. ಎರಡು ವರ್ಷದ ಸಿಟ್ಟು ಇಷ್ಟು ಸುಲಭವಾಗಿ ತೀರುತ್ತದೆಂದು ಅವನು ಎಣಿಸಿರಲಿಲ್ಲ. ವಿರುಪಣ್ಣನಿಗೂ ಅಳುವಿನ ನಡುವೆ ಏನೋ ಒಂದು ನೆಮ್ಮದಿ. ಮಾನ ಹೋದರೆ ಹೋಯಿತು, ಒಮ್ಮೆಯಾದರೂ ಮಗನಾದೆ ಎಂದುಕೊಂಡ.

ಅಷ್ಟರಲ್ಲಿ ಒಳಕೋಣೆಯ ಜಾಲರಿ ಬಿಚ್ಚಿದ ಉಮರಸಾಬ ಆ ಗುಡ್ಡೆಯನ್ನು ಮೊರಕ್ಕೆ ಸುರಿದುಕೊಂಡು ಪಡಸಾಲೆಗೆ ತಂದಿಟ್ಟ. ಇಟ್ಟು, ತಲೆ ಕೆರೆದುಕೊಂಡ.

“ಸಾಹೇಬ್ರ, ನೀವು ಸೇದೂದು ಬೀಡಿ ಏನ್ರಿ?”

ವಿರುಪಣ್ಣ ಮೂಗು ಒರೆಸಿಕೊಂಡು, ಅಲ್ಲ, ಸಿಗರೇಟು ಎಂದ.

“ಮತ್ತ ಇವೆಲ್ಲಾ ಬೀಡಿ ಅದಾವಲ್ರಿ.”

ವಿರುಪಣ್ಣ ಮೊರ ನೋಡಿದ. ನೂರಾರು ತುಂಡು. ಒಂದೊಂದಕ್ಕೂ ಕೆಂಪು ದಾರ. ಒಂದೇ ಒಂದು ಸಿಗರೇಟು ಇರಲಿಲ್ಲ. ಹಾಗಾದರೆ ಬಚ್ಚಲುಮನೆಯವು ಎಲ್ಲಿ ಎಂದು ಅವನು ಕೇಳಿದ್ದು ಅವನಿಗೇ ಕೇಳಿಸಿತೋ ಇಲ್ಲವೋ. ಉಮರಸಾಬ ಪಾಪ, ಒಳ್ಳೆಯ ಮನಸ್ಸಿನಿಂದಲೇ ವಿವರಿಸಿದ. ಬಚ್ಚಲಿನ ಕೊಳವೆ ಬೇರೆ. ಅದು ಇದಕ್ಕೆ ಕೂಡುವುದೇ ಇಲ್ಲ, ಹಿತ್ತಲ ಗೋಡೆಯೊಳಗೆ ಹೋಗಿ ಮುಗಿಯುತ್ತದೆ. ಅಮ್ಮಾವರು ಮಾತಾಡಿದ್ದು ಕೂಲರಿನ ಕೊಳವೆಗೆ ಮಾತ್ರ, ಆ ಕಡೆ ನಾವು ಹೋಗುವವರೇ ಇರಲಿಲ್ಲ.

“ನಾ ನನ್ನದು ಅಂತ ಹೇಳಿದ್ನಲ್ಲ,” ಎಂದಳು ಸಣ್ಣವ್ವ, ಕಾಲ ಹತ್ತಿರ ಕೂತಿದ್ದ ಮಗನನ್ನು ನೋಡುತ್ತ. “ನಡುವ ನೀ ಯಾಕ ಬಾಯಿ ಹಾಕಿದಿ?”

ಮಾಸ್ತರರು ಹೋದ ಮೇಲೆ ಹೊಟ್ಟೆ ಉಬ್ಬರಕ್ಕೆಂದು ಅವಳು ಶುರು ಮಾಡಿದ್ದಂತೆ, ದಿನಕ್ಕೆ ಒಂದು, ಹೆಚ್ಚೆಂದರೆ ಎರಡು. ಎಲ್ಲಿಂದ ತರಿಸುತ್ತಿದ್ದಿರಿ ಎಂದು ದ್ರಾಕ್ಷಾಯಿಣಿ ಕೇಳುವಷ್ಟರಲ್ಲಿ ಹುಲಗೆಮ್ಮ ಅರಿಷಿಣ ಕುಂಕುಮದ ತಟ್ಟೆ ಎತ್ತಿಕೊಂಡು, ಒಲೆ ಮೇಲೆ ಹಾಲು ಇಟ್ಟು ಬಂದಿದ್ದೇನೆ ಎನ್ನುತ್ತ ಹೊಸ್ತಿಲು ದಾಟಿದ್ದಳು.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಮಠ ಮುಟ್ಟಿತ್ತು. ಮುಟ್ಟಿಸಿದವನು ದುರಗಪ್ಪನೇ, ಸಿಟ್ಟಿನಿಂದಲ್ಲ, ಅಭಿಮಾನದಿಂದ. ಈ ವಯಸ್ಸಿನಲ್ಲಿ ಸತ್ಯ ನುಡಿದ ತಾಯಿಗೆ ಶಾಲು ಹೊದಿಸಬೇಕು ಎಂದು ಹಿರಿಯರು ನಿರ್ಧರಿಸಿದರು. ವಿರುಪಣ್ಣನ ಹೆಸರು ಅಚ್ಚಾಗಿ ಹೋಗಿದ್ದರಿಂದ ಅವನೂ ಎರಡು ಮಾತಾಡಲಿ, ಶಾಲು ಬೇಡ ಎಂದರಂತೆ.

ಊಟಕ್ಕೆ ಕೂತಾಗ ಸಣ್ಣವ್ವ ರೊಟ್ಟಿ ಮುರಿಯಲಿಲ್ಲ.

“ಸೇದಿದ್ದಕ್ಕ ನಾ ಏನೂ ಅನ್ನೂದಿಲ್ಲ, ನಾನೂ ಸೇದೀನಿ. ಅವ್ರ ಮ್ಯಾಲೆ ಹಾಕಿದ್ಯಲ್ಲ,” ಎಂದಳು. “ಸಂಜೀಕ ಎಲ್ಲಾರ ಮುಂದ ಅವ್ರ ಹೆಸರು ತೊಳದು ಕೊಡು. ಆಮ್ಯಾಲೆ ನನ್ನ ಯವ್ವಾ ಅನ್ನು.”

ವಿರುಪಣ್ಣ ತಟ್ಟೆ ಪಕ್ಕಕ್ಕೆ ಸರಿಸಿದ. ಸಿಗರೇಟಿನ ನಾಚಿಕೆ ಅತ್ತು ಹಗುರಾಗಿತ್ತು. ಅಪ್ಪನ ಮೇಲೆ ಹಾಕಿದ ಸುಳ್ಳು ಹಾಗೆ ಹಗುರಾಗುವಂಥದಲ್ಲ.

ಸಂಜೆ ಮಠದಲ್ಲಿ ಸುತ್ತಲ ಹಳ್ಳಿಗಳ ಜನ ಕಿಕ್ಕಿರಿದಿತ್ತು. ಬೆಳಗಿನ ಕತೆ ಓಣಿಯ ಹತ್ತು ಮಂದಿಗೆ, ವೇದಿಕೆಯ ಮೇಲಿನ ಹಿರಿಯರಿಗೆ ಗೊತ್ತಿತ್ತೇ ಹೊರತು ಉಳಿದವರಿಗಿಲ್ಲ. ಹಿರಿಯರೂ ಮನೆತನದ ಮಾತೆಂದು ಮೈಕಿನಲ್ಲಿ ಹೇಳದೆ, ತಾಯಿಗೆ ಶಾಲು ಹೊದಿಸಿ ಜೋಳಿಗೆಗೆ ಬೀಡಿಕಟ್ಟು ಹಾಕಿಸಿ ಕೂರಿಸಿದರು. ಆಮೇಲೆ ವಿರುಪಣ್ಣನ ಹೆಸರು ಕರೆದರು.

ಅವನು ಮೈಕಿನ ಮುಂದೆ ನಿಂತ. ಜೇಬಿನಲ್ಲಿ ನಾಲ್ಕು ಹಾಳೆಯ ಭಾಷಣವಿತ್ತು, ಅದನ್ನು ತೆಗೆಯಲಿಲ್ಲ.

“ನಮ್ಮಪ್ಪ ಸಿಗರೇಟು ಸೇದತಿರಲಿಲ್ಲ,” ಎಂದ. “ಬೀಡಿನೂ ಸೇದತಿರಲಿಲ್ಲ. ನಮ್ಮಪ್ಪ ಏನೂ ಸೇದತಿರಲಿಲ್ಲ.”

ಇಷ್ಟೇ ಹೇಳಿ ಕೈ ಮುಗಿದು ಇಳಿದುಬಿಟ್ಟ. ಮಂದಿ ಮುಖ ಮುಖ ನೋಡಿಕೊಂಡು, ಮುಗಿಯಿತೆಂದು ಖಾತ್ರಿಯಾದ ಮೇಲೆ ಚಪ್ಪಾಳೆ ತಟ್ಟಿದರು. ಸಣ್ಣವ್ವ ಮಗನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ಬೆಳಗ್ಗೆಯಿಂದ ಮೊದಲ ಬಾರಿಗೆ ಅವನಿಗೆ ಉಸಿರು ಸಲೀಸಾಗಿ ಆಡಿತು.

ಪ್ರಸಾದದ ಪಂಕ್ತಿಯಲ್ಲಿ ತಾಯಿ ಮಗ ಒಟ್ಟಿಗೆ ಕೂತರು. ಎದುರು ಸಾಲಿನಲ್ಲಿದ್ದ ಯಲಬುರ್ಗಾ ಕಡೆಯ ಒಬ್ಬ ಹಿರಿಯ ರೈತ ತಾನಾಗಿಯೇ ಎದ್ದು ಬಂದು ವಿರುಪಣ್ಣನ ಹೆಗಲ ಮೇಲೆ ಕೈ ಇಟ್ಟ. ಮಾಸ್ತರರ ಕೈಯಲ್ಲಿ ನಾಲ್ಕನೆಯ ಇಯತ್ತೆ ಕಲಿತವನಂತೆ.

“ಮನಸ್ಸಿಗೆ ಹಚಗೋಬ್ಯಾಡ್ರಿ,” ಎಂದ. ಮಗನ ದುಃಖ ಅರ್ಥವಾಗಿ ಅವನ ದನಿ ಗದ್ಗದವಾಗಿತ್ತು. “ಸೇದಲಿಲ್ಲ ಅಂತ ನೀವು ಸ್ಟೇಜಿನ ಮ್ಯಾಲೆ ನಿಂತು ಹೇಳಬೇಕಾತಂದ್ರ, ಮಂದಿ ಎಷ್ಟು ಮಾತಾಡಿರಬೇಕು. ಸೇದಿದ್ರ ಸೇದ್ಯಾರ ಬಿಡ್ರಿ. ಕುಡದಿದ್ರೂ ಅಷ್ಟ. ದೇವರಂಥಾ ಮನುಷ್ಯಾ ಅವ್ರು.”

ಹಿಂದಿನ ಸಾಲಿನವನು, ಯಾರು, ನಮ್ಮ ಮಾಸ್ತರರೇ ಎಂದು ಕೇಳಿದ. ಅವನ ಪಕ್ಕದವನು, ಹೌದಂತೆ, ಮಗನೇ ಮೈಕಿನಲ್ಲಿ ಒಪ್ಪಿಕೊಂಡನಲ್ಲ ಎಂದ. ಹುಗ್ಗಿಯ ಬಕೆಟು ಇನ್ನೂ ಮೂರನೆಯ ಸಾಲಿನಲ್ಲಿತ್ತು, ಮಾತು ಆಗಲೇ ಬಾಗಿಲು ಮುಟ್ಟಿತ್ತು. ಸಣ್ಣವ್ವ ಹೊಸ ಶಾಲನ್ನು ಹೆಗಲಿಂದ ತೆಗೆದು ಮಡಚಿ ಪಕ್ಕಕ್ಕಿಟ್ಟು ಮಗನ ಕಡೆ ನೋಡಿದಳು. ವಿರುಪಣ್ಣ ಎಲೆಯ ಮೇಲಿನ ಹುಗ್ಗಿ ನೋಡುತ್ತ ಕೂತ.