ಭೀಮಪ್ಪನ ಕಾಂಟ್ರಾಕ್ಟ್

ಒಮಾನಿನ ಬುರೈಮಿಯಲ್ಲಿದ್ದ ಲಕ್ಷಿತ್ ಎಂಬ ಹುಡುಗ ಕೆಲಸ ಬದಲಿಸಿಕೊಂಡು ವಾದಿ ಅದಾಯ್‌ಗೆ ಬಂದದ್ದೇ ರಾದ್ಧಾಂತಕ್ಕೆ ಕಾರಣವಾಯಿತು. ಚೆಂಡು ಕಾಲಿಗೆ ಸಿಕ್ಕರೆ ಅವನು ಜಿಂಕೆಯ ಹಾಗೆ ಓಡುತ್ತಿದ್ದ. ಆದರೆ ಅಲ್ಲಿನ ಕನ್ನಡಿಗರ ಫುಟ್‌ಬಾಲ್ ಕ್ಲಬ್ಬಿನಲ್ಲಿ ಒಂದೊಂದು ವರ್ಷದ ಕಾಂಟ್ರಾಕ್ಟಿನ ಮೇಲೆ ಹದಿನೆಂಟು ಮಂದಿಗಷ್ಟೇ ಜಾಗ. ಒಬ್ಬ ಒಳಗೆ ಬರಬೇಕಾದರೆ ಒಬ್ಬ ಹೊರಗೆ ಹೋಗಬೇಕು.

ಎಲ್ಲರ ಕಣ್ಣು ಬಾಗಲಕೋಟೆಯ ಭೀಮಪ್ಪನ ಮೇಲೆ ಬಿತ್ತು. ವಯಸ್ಸು ನಲವತ್ತಾರು. ಕೊನೆಯ ಹತ್ತು ನಿಮಿಷಕ್ಕೆಂದು ಮೈದಾನಕ್ಕಿಳಿಸಿದರೂ, ಗಲ್ಲಿಯಲ್ಲಿ ನೀರಿನ ಟ್ಯಾಂಕರ್ ತಿರುಗಿಸಿದಂತೆ ಅವನು ಮೈ ತಿರುಗಿಸುವಷ್ಟರಲ್ಲಿ ಎದುರಾಳಿಗಳು ಗೋಲು ಹೊಡೆದು ಕುಣಿಯುತ್ತಿದ್ದರು.

"ಈ ವರ್ಷ ಭೀಮಪ್ಪಣ್ಣನ ಕಾಂಟ್ರಾಕ್ಟ್ ರಿನ್ಯೂ ಮಾಡುದು ಬೇಡ. ನೀನೇ ಹೋಗಿ ಹೇಳು" ಎಂದು ಕ್ಯಾಪ್ಟನ್ ರಾಯ್‌ಸ್ಟನ್ ಕೊಗ್ಗನಿಗೆ ಅಪ್ಪಣೆ ಮಾಡಿದ. ಕೊಗ್ಗ ತಂಡದ ಆಟಗಾರನೂ ಹೌದು, ಕ್ಲಬ್ಬಿನ ಕಾರ್ಯದರ್ಶಿಯೂ ಹೌದು. ಹಾಗಾಗಿ ಯಾರಿಗೂ ಬೇಡದ ಕೆಲಸವೆಲ್ಲ ಅವನದೇ.

ಶುಕ್ರವಾರ ಬೆಳಿಗ್ಗೆ ಕೊಗ್ಗ ಭೀಮಪ್ಪನ ಫ್ಲಾಟಿನ ಮೆಟ್ಟಿಲ ಮೇಲೆ ನಿಂತು ಬಾಯಿಪಾಠ ಮಾಡಿದ: "ಭೀಮಪ್ಪಣ್ಣ, ಬೇಜಾರು ಮಾಡ್ಬೇಡಿ. ನಿಮ್ಮ ಕಾಂಟ್ರಾಕ್ಟ್ ರಿನ್ಯೂ ಆಗುದಿಲ್ಲ..."

ಕಸದ ಚೀಲ ಹಿಡಿದು ಹೊರಬಂದ ಎದುರುಮನೆಯ ವಾರಿಜಾಕ್ಷಿಗೆ ಇಷ್ಟು ಕೇಳಿಸಿದ್ದೇ ಸಾಕಾಯಿತು. ಗಲ್ಫಿನಲ್ಲಿ ಆ ಮಾತಿಗೆ ಒಂದೇ ಅರ್ಥ: ಕೆಲಸ ಹೋಯಿತು, ವೀಸಾ ಹೋಯಿತು, ಇನ್ನು ಊರು. ಅವಳು ಚೀಲವನ್ನು ಅಲ್ಲೇ ಬಿಟ್ಟು, ಎಲ್ಲರಿಗೂ ಫೋನ್ ಮಾಡಲು ಒಳಗೆ ಓಡಿದಳು.

ಅದನ್ನು ಗಮನಿಸದ ಕೊಗ್ಗ, ಧೈರ್ಯ ಸಾಲದೆ ಕೆಳಗಿಳಿದು ಚಹಾ ಕುಡಿದು ಬಂದ. ಅಷ್ಟರಲ್ಲಿ ಭೀಮಪ್ಪನ ಮನೆ ತುಂಬಿತ್ತು. ಅವನ ಹೆಂಡತಿ ಗಂಗವ್ವ ಗೊಳೋ ಎಂದು ಅಳುತ್ತಿದ್ದಳು. ಮೇಲಿನ ಮಹಡಿಯ ಸ್ಟೆಲ್ಲಾ ಸೋಫಾದ ಮೇಲೆ ಕೂತು, ಎದ್ದು, ಮತ್ತೆ ಕೂತು ನೋಡುತ್ತಿದ್ದಳು.

"ಇದನ್ನು ಊರಿಗೆ ಸಾಗಿಸ್ಲಿಕ್ಕೆ ಆಗುದಿಲ್ಲ ಗಂಗಕ್ಕ. ಕೊಡುದಾದ್ರೆ ನಂಗೇ ಹೇಳಿ ಆಯ್ತಾ?"

ಕೆಳಗಿನ ಅಂಗಡಿಯ ಮಮ್ಮದ್ ಟೇಪು ಹಿಡಿದು ಫ್ರಿಜ್ಜಿನ ಅಳತೆ ತೆಗೆಯುತ್ತಿದ್ದ. ಭೀಮಪ್ಪ ಮಾತ್ರ ನಿಶ್ಚಿಂತೆಯಿಂದ ಕೂತಿದ್ದ.

"ಅಳಬ್ಯಾಡ, ಸುಮ್ನಿರು. ನೌಕರಿ ಅಲ್ಲೇನು? ಇದು ಹೋದ್ರ ಇನ್ನೊಂದು. ಎಸಿ ರಿಪೇರಿ ಮಾಡಾಂವಗ ಒಮಾನಿನ್ಯಾಗ ಕೆಲಸಕ್ಕ ಬರ ಏನು?"

ಕೊಗ್ಗ ತಡೆಯಲಾರದೆ ಕೂಗಿದ: "ಅಯ್ಯೋ, ಕೆಲಸ ಅಲ್ಲ ಮಾರಾಯ್ರೆ! ಫುಟ್‌ಬಾಲಿನ ಕಾಂಟ್ರಾಕ್ಟ್!"

ಗಂಗವ್ವ ಅಳು ನಿಲ್ಲಿಸಿ ನಕ್ಕಳು. "ಇಷ್ಟ ಏನ್ರಿ! ನನ್ನ ಜೀವಾನ ಹೋಗಿತ್ತಲ್ರಿ!" ಸ್ಟೆಲ್ಲಾ ನಿರಾಸೆಯಿಂದ ಸೋಫಾ ಬಿಟ್ಟು ಎದ್ದಳು.

ಆದರೆ ಭೀಮಪ್ಪನ ಮುಖ ಗಾಳಿ ಹೋದ ಚೆಂಡಿನಂತಾಯಿತು.

"ಫುಟ್‌ಬಾಲಾ? ನೌಕರಿ ಆಗಿದ್ರ ಇನ್ನೊಂದು ಹುಡುಕ್ಕೊಂತಿದ್ದೆ ಕೊಗ್ಗಾ. ಈ ವಯಸ್ಸಿನ್ಯಾಗ ನನಗ ಇನ್ನೊಂದು ಟೀಮ್ ಯಾರು ಕೊಡ್ತಾರ?" ಎಂದವನೇ ಬಿಕ್ಕಿಬಿಕ್ಕಿ ಅಳತೊಡಗಿದ. ಗಂಡನನ್ನು ನೋಡಿ ಗಂಗವ್ವನೂ ಮತ್ತೆ ಶುರು ಮಾಡಿದಳು. ಇಡೀ ಮನೆ ಕೊಗ್ಗನನ್ನು ಕೊಲೆಗಾರನನ್ನು ನೋಡುವ ಹಾಗೆ ನೋಡಿತು.

"ಆಯ್ತು, ಖಲಾಸ್! ಇನ್ನೊಂದು ವರ್ಷ ರಿನ್ಯೂ!" ಎಂದುಬಿಟ್ಟ ಕೊಗ್ಗ. ಎಲ್ಲರೂ ಚಪ್ಪಾಳೆ ತಟ್ಟಿದರು. ಗಂಗವ್ವ ಒತ್ತಾಯ ಮಾಡಿ ನಾಲ್ಕು ಶೇಂಗಾ ಹೋಳಿಗೆ ತಿನ್ನಿಸಿದಳು.

ರಸ್ತೆಗೆ ಬಂದು, ಬೈಗುಳಕ್ಕೆ ಸಿದ್ಧನಾಗಿಯೇ ಕೊಗ್ಗ ರಾಯ್‌ಸ್ಟನ್‌ಗೆ ಫೋನ್ ಮಾಡಿದ. ರಾಯ್‌ಸ್ಟನ್ ಬೈಯಲೇ ಇಲ್ಲ.

"ಒಳ್ಳೆದು ಮಾಡಿದಿ. ಪಾಪದವ, ಇರ್ಲಿ."

ಕೊಗ್ಗನ ಎದೆಯ ಭಾರ ಇಳಿಯಿತು. "ಹಾಗಾದ್ರೆ ಲಕ್ಷಿತ್‌ಗೆ ಜಾಗ?"

"ಅವನಿಗೆ ನಿನ್ನ ಜಾಗ ಕೊಡುವ. ನಿಂಗೂ ನಲವತ್ತೆರಡಾಯ್ತಲ್ಲ ಮಾರಾಯ. ಬೇಜಾರು ಮಾಡ್ಬೇಡ, ಇದನ್ನು ಯಾರನ್ನಾದ್ರೂ ಮನೆಗೆ ಕಳಿಸಿ ಹೇಳಿಸ್ಬೇಕಿತ್ತು. ಆದ್ರೆ ಇಂಥದ್ದಕ್ಕೆ ನಾನು ಕಳಿಸುದು ನಿನ್ನನ್ನೇ ಅಲ್ವಾ?"